ಸುಲಿತದ ಅಂಗಳಕ್ಕೆ ಬಂದ ಯಂತ್ರ

ದೀಪಾವಳಿ ಕಳೆದು ಚಳಿ ಬೀಳತೊಡಗಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಗಳಲ್ಲಿ ದೀಪ ಬೇಗ ಆರುವುದಿಲ್ಲ. ಹಗಲು ತೋಟದಿಂದ ಬಂದ ಹಸಿ ಕೊನೆಗಳು ಅಂಗಳದಲ್ಲಿ ಗುಡ್ಡೆ ಬಿದ್ದಿರುತ್ತವೆ. ಮೂವತ್ತು ವರ್ಷದ ಹಿಂದಾದರೆ ಆ ಗುಡ್ಡೆಯ ಸುತ್ತ ಹತ್ತು ಹದಿನೈದು ಮಂದಿ ಕೂತಿರುತ್ತಿದ್ದರು. ಹೆಚ್ಚಿನವರು ಹೆಂಗಸರು. ಪ್ರತಿಯೊಬ್ಬರ ಮುಂದೆ ಒಂದು ಮೆಟ್ಟುಗತ್ತಿ, ಪಕ್ಕದಲ್ಲಿ ಒಂದು ಡಬ್ಬ, ನಡುವೆ ಭದ್ರಾವತಿ ಆಕಾಶವಾಣಿ ಹಾಡುವ ರೇಡಿಯೋ. ಮಾತು, ನಗು, ಊರಿನ ಸುದ್ದಿ, ತೂಕಡಿಕೆ ಬಂದವರಿಗೆ ಚಹಾ. ಕಾಯಿಯನ್ನು ಕತ್ತಿಗೆ ಒತ್ತಿದಾಗ ಬರುವ ಚರಕ್ ಸದ್ದು ನಡುರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ.

ಈಗ ಆ ಅಂಗಳದಲ್ಲಿ ಮೋಟಾರು ಗುಂಯ್ಗುಡುತ್ತದೆ. ಒಬ್ಬ ಹಸಿ ಕಾಯಿ ಸುರಿಯುತ್ತಾನೆ, ಒಂದು ಬದಿಯಿಂದ ಸಿಪ್ಪೆ ಹಾರಿ ಬೀಳುತ್ತದೆ, ಇನ್ನೊಂದು ಬದಿಯಿಂದ ಸುಲಿದ ಅಡಿಕೆ ಉರುಳಿ ಬರುತ್ತದೆ. ಯಂತ್ರದ ಬಾಯಿಯ ಬಳಿ ಕೂತ ಒಬ್ಬಿಬ್ಬರು ಅರೆಸುಲಿದದ್ದನ್ನು ಆರಿಸಿ ಪಕ್ಕಕ್ಕಿಡುತ್ತಾರೆ. ಮೊದಲಿನಂತೆ ಮಾತಾಡುವುದು ಕಷ್ಟ, ಸದ್ದು ಬಿಡುವುದಿಲ್ಲ.

ಕೈಗಾರಿಕಾ ಸ್ವಯಂಚಾಲನೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕಾರು ಕಾರ್ಖಾನೆಯ ರೋಬೋ ಕೈಗಳು, ಗಾಜಿನ ಕೋಣೆಯ ಕಂಪ್ಯೂಟರು ಪರದೆಗಳು. ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಹೇಳಿಕೊಳ್ಳುವಂಥ ದೊಡ್ಡ ಕಾರ್ಖಾನೆ ಇಲ್ಲ. ಆದರೂ ಕಳೆದ ಎರಡು ಮೂರು ದಶಕಗಳಲ್ಲಿ ಇಲ್ಲಿ ಒಂದು ಇಡೀ ಉದ್ಯಮ ಕೈಯಿಂದ ಯಂತ್ರಕ್ಕೆ ದಾಟಿದೆ. ಆ ದಾಟುವಿಕೆ ನಡೆದದ್ದು ಕೊಟ್ಟಿಗೆಯ ಪಕ್ಕದ ಚಪ್ಪರಗಳಲ್ಲಿ, ಪೇಟೆಬದಿಯ ವೆಲ್ಡಿಂಗ್ ಶಾಪುಗಳಲ್ಲಿ. ಅದಕ್ಕೇ ಇರಬೇಕು, ಕೈಗಾರಿಕೆಯ ಚರಿತ್ರೆ ಬರೆಯುವವರ ಕಣ್ಣಿಗೆ ಅದು ಅಷ್ಟಾಗಿ ಬಿದ್ದಿಲ್ಲ.

ಅಡಿಕೆಯ ಕೆಲಸ ಎಲ್ಲೆಡೆ ಒಂದೇ ಥರ ಇಲ್ಲ. ಕರಾವಳಿಯವರು ಹಣ್ಣಡಿಕೆಯನ್ನು ತಿಂಗಳುಗಟ್ಟಲೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುಲಿದು ಚಾಲಿ ಮಾಡುತ್ತಾರೆ. ಅವರ ಸುಲಿತಕ್ಕೆ ಅವಸರವಿಲ್ಲ, ಮಳೆಗಾಲದಲ್ಲೂ ಕೂತು ಸುಲಿಯಬಹುದು. ಮಲೆನಾಡಿನದು ಕೆಂಪಡಿಕೆ. ಇಲ್ಲಿ ಕಾಯಿ ಹಸಿರಾಗಿರುವಾಗಲೇ, ಇನ್ನೂ ಎಳಸಿರುವಾಗಲೇ ಕೊಯ್ಯಬೇಕು. ಕೊಯ್ದ ಒಂದೆರಡು ದಿನದಲ್ಲೇ ಸುಲಿಯಬೇಕು, ಸುಲಿದದ್ದನ್ನು ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೆಂದ ನೀರಿನಲ್ಲಿ, ಬೇಯಿಸಬೇಕು, ಬೇಯಿಸಿದ್ದನ್ನು ಬಿಸಿಲಿಗೆ ಹರಡಬೇಕು. ಒಂದು ಹಂತ ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರ ಬಂದ ದಿನ ಸುಲಿಯುವವರು ಸಿಗಲೇಬೇಕು, ಸುಲಿದ ಮರುದಿನ ಒಲೆಗೆ ಕಟ್ಟಿಗೆ ಸಿಗಲೇಬೇಕು, ಬೆಂದ ವಾರ ಮೋಡ ಕವಿಯಬಾರದು. ಹೀಗಾಗಿ ಆಳು ಕಡಿಮೆಯಾದಾಗ ಮೊದಲ ಪೆಟ್ಟು ಬಿದ್ದದ್ದು ಕೆಂಪಡಿಕೆಯ ಸೀಮೆಗೆ. ಊರಿಗೆ ಊರೇ ಅದೇ ಕೆಲವು ತಿಂಗಳಲ್ಲಿ ಕೊಯ್ಲು ಮಾಡುವಾಗ ಎಲ್ಲರಿಗೂ ಒಟ್ಟಿಗೇ ಜನ ಬೇಕಾಗುತ್ತಾರೆ. ಮುಯ್ಯಾಳಿನ ಪದ್ಧತಿ ಇದ್ದ ಕಾಲದಲ್ಲಿ ಇಂದು ಇವರ ಮನೆ, ನಾಳೆ ಅವರ ಮನೆ ಎಂದು ಸರದಿ ಸಾಗುತ್ತಿತ್ತು. ಮನೆಯ ಮಕ್ಕಳು ಬೆಂಗಳೂರಿಗೆ ಹೋದರು, ಕೂಲಿಯವರ ಮಕ್ಕಳೂ ಶಾಲೆ ಕಲಿತು ಪೇಟೆಯ ಕೆಲಸ ಹಿಡಿದರು. ಸರದಿ ಮುರಿಯಿತು.

ಅಡಿಕೆ ತೋಟದ ಯಂತ್ರಗಳ ಕತೆ ಸುಲಿತದಿಂದ ಶುರುವಾದದ್ದಲ್ಲ, ಅದಕ್ಕೂ ಹಿಂದಿನದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿದರು. 1910ರಲ್ಲಿ ಅದರ ಬಗ್ಗೆ ವರದಿ ಬರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೇ ಮದ್ದು ಎಂದು ತೋರಿಸಿಕೊಟ್ಟರು. ಅದಕ್ಕೆ ಮೊದಲು ಮಳೆಗಾಲ ಹಿಡಿಯುವ ಮುನ್ನ ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು. ಮದ್ದಿನ ಜೊತೆಗೇ ತೋಟಕ್ಕೆ ಪಂಪು ಬಂತು. ಕೆಳಗೆ ನಿಂತವನು ಹಿಡಿಕೆಯನ್ನು ಹಿಂದೆ ಮುಂದೆ ಜಗ್ಗುವ ಗಟಾರ್ ಪಂಪು, ಮರದ ತುದಿಯಲ್ಲಿ ಪೈಪು ಹಿಡಿದು ಕೂತ ಕೊನೆಗಾರ. ಈ ಜೋಡಿ ಎಷ್ಟೋ ದಶಕ ಕೆಲಸ ಮಾಡಿತು, ಆಮೇಲೆ ಪೆಟ್ರೋಲು ಎಂಜಿನ್ನಿನ ಪಂಪು ಹಿಡಿಕೆ ಜಗ್ಗುವವನನ್ನು ಬಿಡುಗಡೆ ಮಾಡಿತು. ಮರದ ಮೇಲಿನವನು ಮಾತ್ರ ಅಲ್ಲೇ ಉಳಿದ.

ಕರೆಂಟಿನ ವಿಚಾರ ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1940ರ ದಶಕದ ಕೊನೆಗೆ ಜೋಗದ ಬುಡದಲ್ಲಿ ವಿದ್ಯುತ್ ಹುಟ್ಟಿತು. ಆ ವಿದ್ಯುದಾಗಾರವನ್ನು ಇಂದು ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎನ್ನುತ್ತಾರೆ. 1964ರಲ್ಲಿ ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1,035 ಮೆಗಾವಾಟ್ ಕೊಡಬಲ್ಲವು. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ ಹೊಸಂಗಡಿಯ ಭೂಗರ್ಭದಲ್ಲಿ ವಾರಾಹಿ ವಿದ್ಯುತ್ತಾಗುತ್ತದೆ. ಅದು 460 ಮೆಗಾವಾಟ್. ಈ ಜಲಾಶಯಗಳಡಿ ಮುಳುಗಿದ್ದರಲ್ಲಿ ಗದ್ದೆ, ತೋಟ, ಊರು ಎಲ್ಲ ಸೇರಿವೆ. ಹೀಗೆ ನಾಡಿಗೆ ಬೆಳಕು ಕೊಟ್ಟ ಸೀಮೆಯ ಹಳ್ಳಿಗಳಿಗೆ ಮಾತ್ರ ಸುಲಿತದ ರಾತ್ರಿ ಸಿಗುವುದು ಸಿಂಗಲ್ ಫೇಸ್ ಕರೆಂಟು, ಅದೂ ಮರ ಬಿದ್ದು ತಂತಿ ಹರಿಯದಿದ್ದರೆ. ಹಾಗಾಗಿ ಇಲ್ಲಿ ನಡೆಯುವ ಯಂತ್ರ ಸಣ್ಣ ಸಿಂಗಲ್ ಫೇಸ್ ಮೋಟಾರಿನಲ್ಲಿ ಓಡಬೇಕು, ಕರೆಂಟು ಹೋದರೆ ಜನರೇಟರಿಗೆ ಹೊಂದಿಕೊಳ್ಳಬೇಕು. ಬೆಂಗಳೂರಿನ ಕಾರ್ಖಾನೆಯ ಎಂಜಿನಿಯರಿಗೆ ಹೊಳೆಯದ ಈ ಷರತ್ತು ತೀರ್ಥಹಳ್ಳಿಯ ಶೆಡ್ಡಿನಲ್ಲಿ ಕೆಲಸ ಮಾಡುವವನಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ.

ಸುಲಿಯುವ ಯಂತ್ರ ಮಾಡುವುದು ಯಾಕೆ ಅಷ್ಟು ಕಷ್ಟವಾಯಿತು? ಮೆಟ್ಟುಗತ್ತಿಯ ಮುಂದೆ ಕೂತವಳ ಕೈಯನ್ನು ಒಂದು ನಿಮಿಷ ಗಮನಿಸಿದರೆ ಉತ್ತರ ಸಿಗುತ್ತದೆ. ಮಣೆಗೆ ನೆಟ್ಟಗೆ ಕೂರಿಸಿದ ಅಲಗು, ಆ ಮಣೆಯನ್ನು ಮೆಟ್ಟಿ ಹಿಡಿದ ಕಾಲು. ಅವಳು ಕಾಯಿಯನ್ನು ಎತ್ತುವಾಗಲೇ ಅದರ ತೊಟ್ಟು ಯಾವ ಕಡೆ, ತುದಿ ಯಾವ ಕಡೆ ಎಂದು ಬೆರಳಿಗೆ ತಿಳಿದಿರುತ್ತದೆ. ಎಷ್ಟು ಒತ್ತಿದರೆ ಸಿಪ್ಪೆ ಸೀಳಿ ಒಳಗಿನ ಅಡಿಕೆಗೆ ತಾಗದೆ ನಿಲ್ಲುತ್ತದೆ ಎನ್ನುವುದು ಮಣಿಕಟ್ಟಿಗೆ ಗೊತ್ತು. ಎಳೆಯ ಕಾಯಿಗೆ ಒಂದು ಒತ್ತು, ಬಲಿತದ್ದಕ್ಕೆ ಇನ್ನೊಂದು. ಎರಡು ತಿರುವಿನಲ್ಲಿ ಸಿಪ್ಪೆ ಕಳಚುತ್ತದೆ. ನೋಡದೆಯೂ ಸುಲಿಯುವವರಿದ್ದಾರೆ. ಒಂದೇ ಕೊನೆಯಲ್ಲಿ ಒಂದಕ್ಕಿಂತ ಒಂದು ಬೇರೆ ಗಾತ್ರದ ಕಾಯಿಗಳಿರುತ್ತವೆ, ಮೊಟ್ಟೆಯಾಕಾರದ್ದು, ಉರುಟಾದದ್ದು, ಒಂದು ಬದಿ ಚಪ್ಪಟೆಯಾದದ್ದು. ಕಾರು ಕಾರ್ಖಾನೆಯ ರೋಬೋಗೆ ಸಿಗುವ ಬೋಲ್ಟುಗಳೆಲ್ಲ ಅಚ್ಚಿನಲ್ಲಿ ಎರೆದಂತೆ ಒಂದೇ ಥರ. ಅದರ ಕೆಲಸ ಸುಲಭ ಎನ್ನಬೇಕು. ಹಣ್ಣು, ಕಾಯಿಗಳಂಥ ಒಂದರಂತೆ ಒಂದಿಲ್ಲದ ವಸ್ತುಗಳನ್ನು ನೋವಾಗದಂತೆ ಹಿಡಿಯುವ ಯಂತ್ರದ ಕೈ ಮಾಡಲು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಇವತ್ತಿಗೂ ಹೆಣಗುತ್ತಿವೆ.

ಈ ತೊಡಕನ್ನು ಬಿಡಿಸಲು ಕೈ ಹಾಕಿದವರಲ್ಲಿ ಪೇಟೆಯ ದೊಡ್ಡ ಕಂಪನಿಗಳಿಗಿಂತ ಅಡಿಕೆ ಸೀಮೆಯವರೇ ಹೆಚ್ಚು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಬಳಿಯ ಕುಂಟವಳ್ಳಿಯ ವಿಶ್ವನಾಥ್ ಅವರ ವಿ-ಟೆಕ್ ಇಂಜಿನಿಯರ್ಸ್ ಹಸಿ ಅಡಿಕೆ ಸುಲಿಯುವ ಯಂತ್ರದಿಂದಲೇ ಹೆಸರಾಯಿತು. ಆಮೇಲೆ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಇಂಥ ಯಂತ್ರ ತಯಾರಿಸುವವರು ಹುಟ್ಟಿಕೊಂಡರು. ಒಬ್ಬರದನ್ನು ನೋಡಿ ಇನ್ನೊಬ್ಬರು ಸುಧಾರಿಸಿದರು, ಬಳಸಿದ ರೈತರು ಕೊರತೆ ಹೇಳಿದರು, ಮುಂದಿನ ವರ್ಷದ ಯಂತ್ರದಲ್ಲಿ ಅದು ಸರಿಯಾಯಿತು. 2009ರಲ್ಲಿ ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಅಡಿಕೆ ಯಂತ್ರ ಮೇಳ ನಡೆಯಿತು. ಅಲ್ಲಿಯವರೆಗೆ ಅವರವರ ಊರಿನಲ್ಲೇ ಅಡಗಿದ್ದ ಯಂತ್ರಗಳು ಒಂದೇ ಬಯಲಿನಲ್ಲಿ ಪಕ್ಕಪಕ್ಕ ಓಡಿದವು, ಕೊಳ್ಳುವವರು ಹೋಲಿಸಿ ನೋಡುವಂತಾಯಿತು. ಪುತ್ತೂರಿನಿಂದಲೇ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ರೈತರ ಇಂಥ ಹೊಸ ಹುಡುಕಾಟಗಳನ್ನು ರೈತರಿಂದಲೇ ಬರೆಸಿ ಊರೂರಿಗೆ ಮುಟ್ಟಿಸಿತು. ಎಂಜಿನಿಯರಿಂಗ್ ಪುಸ್ತಕದ ಭಾಷೆ ಗೊತ್ತಿಲ್ಲದವರು ಗೇರು, ಬೇರಿಂಗು, ಬೆಲ್ಟಿನ ಲೆಕ್ಕವನ್ನು ಕನ್ನಡದಲ್ಲಿ ಚರ್ಚಿಸಿದ್ದು ಸಣ್ಣ ಸಂಗತಿಯಲ್ಲ.

ಯಂತ್ರದ ಹೊಟ್ಟೆ ಬಿಚ್ಚಿ ನೋಡೋಣ. ಮೇಲಿನ ಬಾಣಲೆಗೆ ಬಿಡಿಕಾಯಿ ಸುರಿಯುತ್ತಾರೆ. ಯಂತ್ರದ ಎತ್ತುವ ಭಾಗ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಮೇಲಕ್ಕೊಯ್ದು ಇಕ್ಕಟ್ಟಿನ ದಾರಿಗೆ ಇಳಿಸುತ್ತದೆ. ಅಲ್ಲಿ ತಿರುಗುವ ಭಾಗ ಕಾಯಿಯನ್ನು ಒತ್ತಿಕೊಂಡೇ ಅಲಗಿನ ಮೇಲೆ ಉರುಳಿಸಿಕೊಂಡು ಹೋಗುತ್ತದೆ. ಅಲಗು ಸಿಪ್ಪೆಯನ್ನು ಸೀಳುತ್ತದೆ, ಉರುಳಾಟದಲ್ಲಿ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಗುಟ್ಟಿನ ಜಾಗ ಒಂದೇ, ಸ್ಪ್ರಿಂಗು. ದೊಡ್ಡ ಕಾಯಿ ಬಂದರೆ ಸ್ಪ್ರಿಂಗು ಹಿಂದೆ ಸರಿದು ದಾರಿ ಬಿಡುತ್ತದೆ, ಸಣ್ಣದು ಬಂದರೆ ಮುಂದೆ ಬಂದು ಅಪ್ಪಿಕೊಳ್ಳುತ್ತದೆ. ಹೆಂಗಸಿನ ಮಣಿಕಟ್ಟಿಗೆ ಗೊತ್ತಿದ್ದ ಒತ್ತಿನ ಲೆಕ್ಕವನ್ನು ಉಕ್ಕಿನ ಸುರುಳಿಯೊಂದು ಒರಟಾಗಿಯಾದರೂ ಕಲಿತುಕೊಂಡಿದೆ.

ಇದು ಸ್ವಯಂಚಾಲನೆಯ ಮೂಲಪಾಠವೂ ಹೌದು. ಬಂದದ್ದನ್ನು ಅಳೆದು, ಅಳತೆಗೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಯಂತ್ರವೇ ಸ್ವಯಂಚಾಲಿತ ಯಂತ್ರ. ಅದಕ್ಕೆ ಕಂಪ್ಯೂಟರು ಇರಲೇಬೇಕೆಂದಿಲ್ಲ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ಗವರ್ನರ್ ಕೂರಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದು ಮಾಡುತ್ತಿದ್ದವು, ಕಡಿಮೆಯಾದರೆ ಅಗಲ ಮಾಡುತ್ತಿದ್ದವು. ಶರಾವತಿಯ ಟರ್ಬೈನಿನ ಗವರ್ನರ್ ಮಾಡುವುದೂ ತತ್ವದಲ್ಲಿ ಅದನ್ನೇ. ನಾಡಿನ ಬೇಡಿಕೆ ಏರಿ ಚಕ್ರ ನಿಧಾನವಾಗತೊಡಗಿದರೆ ನೀರಿನ ಮೂತಿ ಇನ್ನಷ್ಟು ತೆರೆಯುತ್ತದೆ, ಕರೆಂಟಿನ ಮಿಡಿತ ಸೆಕೆಂಡಿಗೆ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾಗರದ ಅಂಗಳದಲ್ಲಿ ಓಡುವ ಸುಲಿಯುವ ಯಂತ್ರ ಈ ವಂಶದ ಸಣ್ಣ ಕುಡಿ.

ಸ್ಪ್ರಿಂಗು ಎಲ್ಲವನ್ನೂ ಅರಿಯಲಾರದು. ಗಾತ್ರ ತೀರಾ ಹೆಚ್ಚುಕಡಿಮೆಯಾದರೆ ಕೆಲವು ಕಾಯಿ ಅರೆಸುಲಿದು ಬರುತ್ತವೆ, ಕೆಲವಕ್ಕೆ ಗಾಯವಾಗುತ್ತದೆ. ಅದಕ್ಕೆ ಸುಲಿತಕ್ಕೆ ಮುಂಚೆ ಗಾತ್ರ ವಿಂಗಡಿಸುವ ತಿರುಗುವ ಜರಡಿಯೂ ಬಂದಿದೆ. ಯಂತ್ರ ಕೊಳ್ಳಲಾಗದವರಿಗೆ ಬಾಡಿಗೆ ಯಂತ್ರ ಇದೆ. ಪಿಕಪ್ ವ್ಯಾನಿನಲ್ಲಿ ಯಂತ್ರವನ್ನೂ ಜನರೇಟರನ್ನೂ ಹೇರಿಕೊಂಡು ಮನೆಯಿಂದ ಮನೆಗೆ ಹೋಗಿ ಸುಲಿದುಕೊಡುವವರು ಹುಟ್ಟಿಕೊಂಡಿದ್ದಾರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಗಾದರೆ ಇಂಥ ವಾಹನ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಬಲು ದೂರ ಸುತ್ತಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ತಾಪತ್ರಯ ತಪ್ಪಿತು.

ಸುಲಿತ ಮುಗಿದರೆ ಒಲೆಯ ಸರದಿ. ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಹಿಂದಿನ ಬಾರಿಯ ಚೊಗರು ಬೆರೆಸಿದ ನೀರು, ಕೆಳಗೆ ಕಟ್ಟಿಗೆ. ಬೇಯುತ್ತ ಅಡಿಕೆಯೊಳಗಿನ ಒಗರಿನ ಅಂಶ ನೀರಿಗಿಳಿಯುತ್ತದೆ. ಮತ್ತೆ ಮತ್ತೆ ಅದೇ ನೀರಿನಲ್ಲಿ ಬೇಯಿಸಿದಾಗ ಗಟ್ಟಿಯಾಗಿ ಚೊಗರಾಗುತ್ತದೆ, ಅಡಿಕೆಗೆ ಕೆಂಪು ಹೊಳಪು ಕೊಡುತ್ತದೆ. ಹದ ಗೊತ್ತಿರುವವರು ಒಂದು ಅಡಿಕೆ ಎತ್ತಿ ಕತ್ತರಿಸಿ ನೋಡಿ ಸಾಕು ಎನ್ನುತ್ತಾರೆ. ಈ ಒಲೆಗಳು ನುಂಗಿದ ಕಾಡು ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಮನೆ ಅಡುಗೆಗೆ ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ರೂಪಿಸಿದ ಮೇಲೆ, ಅದೇ ತಿಳಿವಳಿಕೆಯನ್ನು ಹಳ್ಳಿಯ ಕಸುಬುಗಳ ದೊಡ್ಡ ಒಲೆಗೂ ಒಯ್ಯುವ ಯತ್ನಗಳಾದವು. ಉರಿ ಹಂಡೆಯ ಸುತ್ತ ಸುತ್ತಿ ಹೋಗುವಂತೆ ದಾರಿ, ಕೆಳಗೆ ಗಾಳಿಗೆ ಜಾಲರಿ, ಹೊಗೆಗೆ ಕೊಳವೆ, ಇಷ್ಟನ್ನು ಸರಿಯಾಗಿ ಕಟ್ಟಿದರೆ ಕಟ್ಟಿಗೆ ಎಷ್ಟೋ ಉಳಿಯುತ್ತದೆ, ಬೇಯಿಸುವವರ ಕಣ್ಣೂ ಉಳಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಬೇಯಿಸುವ ಕಡೆ ಈಗ ಅಡಿಕೆ ತುಂಬಿದ ಜಾಲರಿ ಬುಟ್ಟಿಯನ್ನು ಚೈನ್‌ಪುಲ್ಲಿಯಲ್ಲಿ ಇಳಿಸಿ ಎತ್ತುತ್ತಾರೆ. ಕುದಿಯುವ ಹಂಡೆಗೆ ಬಗ್ಗಿ ಜಾಲಿಸೌಟಿನಲ್ಲಿ ಬಾಚುತ್ತಿದ್ದ ಕೆಲಸದ ಬೇಗೆ ಕಂಡವರಿಗೆ ಆ ಪುಲ್ಲಿಯ ಬೆಲೆ ಗೊತ್ತು.

ಒಣಗಿಸುವುದು ಸೂರ್ಯನ ಕೈಯಲ್ಲೇ ಇದೆ. ನವೆಂಬರ್, ಡಿಸೆಂಬರಿನಲ್ಲೂ ಹಠಾತ್ತಾಗಿ ಮಳೆ ಸುರಿಯುವ ವರ್ಷಗಳು ಹೆಚ್ಚಾದ ಮೇಲೆ ಬಯಲ ಅಂಗಳವನ್ನಷ್ಟೇ ನಂಬಿದವರು ಬಹಳ ಕಳೆದುಕೊಂಡರು. ಅದಕ್ಕಾಗಿ ಪಾರದರ್ಶಕ ಹಾಳೆ ಹೊದಿಸಿದ ಕಮಾನಿನ ಚಪ್ಪರಗಳು ಊರೂರಿನಲ್ಲೂ ಎದ್ದಿವೆ. ಬಿಸಿಲು ಒಳಗೆ ಬರುತ್ತದೆ, ಮಳೆ ಬರುವುದಿಲ್ಲ, ಸಂಜೆ ಬಾಚಿ ಒಳಗೆ ತುಂಬುವ ಕೆಲಸವೂ ಇಲ್ಲ. ಒಂದು ಕ್ವಿಂಟಾಲ್ ಹಸಿ ಕಾಯಿ ಕೊನೆಗೆ ಒಣ ಕೆಂಪಡಿಕೆಯಾಗಿ ಉಳಿಯುವುದು ಸುಮಾರು 12ರಿಂದ 14 ಕೆಜಿ. ಉಳಿದದ್ದೆಲ್ಲ ಸಿಪ್ಪೆ ಮತ್ತು ನೀರು. ಇಷ್ಟು ಕೆಲಸ, ಇಷ್ಟು ಯಂತ್ರ ಎಲ್ಲ ಆ ಹನ್ನೆರಡು ಹದಿನಾಲ್ಕು ಕೆಜಿಗಾಗಿ.

ಇನ್ನು ಮರದ ತುದಿ. ಐವತ್ತು ಅರವತ್ತು ಅಡಿ ಎತ್ತರದ, ತೊಡೆಯಷ್ಟೂ ದಪ್ಪವಿಲ್ಲದ ಮರಕ್ಕೆ ಕಾಲಿಗೆ ತಳೆ ಹಾಕಿಕೊಂಡು ಏರಿ, ಗಾಳಿಗೆ ತೂಗುತ್ತಲೇ ಒಂದು ಮರದಿಂದ ಇನ್ನೊಂದಕ್ಕೆ ದಾಟಿ, ಕೊನೆಯನ್ನು ಹಗ್ಗಕ್ಕೆ ಕೊಟ್ಟು ಕೆಳಗಿನವನ ಕೈಗೆ ಜಾರಿಸುವ ಕೊನೆಗಾರನಷ್ಟು ನಿಪುಣ ಕೆಲಸಗಾರ ಯಾವ ಕಾರ್ಖಾನೆಯಲ್ಲೂ ಇಲ್ಲ. ಅವನು ಬಿದ್ದ ಸುದ್ದಿ ಕೇಳದ ವರ್ಷವೂ ಈ ಸೀಮೆಯಲ್ಲಿ ಕಡಿಮೆ. ಮಗನನ್ನು ಮರ ಹತ್ತಿಸಲು ಯಾವ ಕೊನೆಗಾರನಿಗೂ ಮನಸ್ಸಿಲ್ಲ, ಅದು ಸರಿಯೇ. 2019ರಲ್ಲಿ ಬಂಟ್ವಾಳ ಕಡೆಯ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರ ಏರುವ ಸ್ಕೂಟರಿನಂಥ ಯಂತ್ರ ಮಾಡಿ ತೋರಿಸಿದಾಗ ಇಡೀ ದೇಶ ಬೆರಗಾಗಿ ನೋಡಿತು. ಆದರೆ ಮರದಿಂದ ಮರಕ್ಕೆ ದಾಟುವವನ ಜಾಗಕ್ಕೆ ಹೆಚ್ಚಾಗಿ ಬಂದದ್ದು ಇನ್ನೂ ಸರಳವಾದ ವಸ್ತು, ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರುವ ಕೊಳವೆಗಳನ್ನು ಎಳೆದರೆ ಮರದ ತುದಿ ಮುಟ್ಟುವಷ್ಟು ಉದ್ದ, ಒಬ್ಬ ನೆಲದ ಮೇಲೆ ನಿಂತು ಹಿಡಿಯಬಹುದಾದಷ್ಟು ಹಗುರ. ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ನಳಿಗೆ ಕಟ್ಟಿದರೆ ಮದ್ದು. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ತೋಟದ ಮೇಲೆ ಹಾದುಹೋದ ತಂತಿಗೆ ಆ ದೋಟಿ ತಾಗಿದರೆ ಕೆಳಗೆ ಹಿಡಿದವನಿಗೆ ಉಳಿಗಾಲವಿಲ್ಲ. ದೋಟಿ ಮಾರುವವರು, ಕೊಳ್ಳುವವರು, ಅದನ್ನು ಕೂಲಿಯವನ ಕೈಗೆ ಕೊಡುವವರು ಎಲ್ಲರೂ ಇದನ್ನು ಬಾಯಿಬಿಟ್ಟು ಹೇಳಬೇಕಾದ ವಿಷಯ.

ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೆ ಹೋದಾಗ ಯಂತ್ರದ ಓಟ ನಿಲ್ಲುತ್ತದೆ. ಅಲ್ಲಿ ಕಣ್ಣಿನ ರಾಜ್ಯ. ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಮಲೆನಾಡಿನ ದರ್ಜೆಗಳನ್ನು ನುರಿತವರು ಬಣ್ಣ, ಸುಕ್ಕು, ತೂಕ, ಕತ್ತರಿಸಿದಾಗ ಒಳಗೆ ಕಾಣುವ ಗೆರೆ ನೋಡಿ ಹೇಳುತ್ತಾರೆ. 1939ರಲ್ಲಿ ಹುಟ್ಟಿದ ಶಿವಮೊಗ್ಗದ ಮ್ಯಾಮ್ಕೋಸ್, ಸಾಗರದ ಆಪ್ಸ್‌ಕೋಸ್‌ನಂಥ ಸಹಕಾರ ಸಂಘಗಳ ಅಂಗಳದಲ್ಲಿ ರಾಶಿಗಳ ನಡುವೆ ಓಡಾಡುವ ಈ ಕಣ್ಣುಗಳ ಮೇಲೆ ಬೆಳೆಗಾರನ ವರ್ಷದ ದುಡಿಮೆ ನಿಂತಿರುತ್ತದೆ. ಶಿವಮೊಗ್ಗದ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜು, ಕುವೆಂಪು ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 2012ರ ಹೊತ್ತಿಗೇ ಅಡಿಕೆಯ ಫೋಟೋ ತೆಗೆದು ಬಣ್ಣದ ಲೆಕ್ಕದಿಂದ ಕಂಪ್ಯೂಟರು ದರ್ಜೆ ಗುರುತಿಸಬಹುದೇ ಎಂದು ಪರೀಕ್ಷಿಸಿ ಪ್ರಬಂಧಗಳನ್ನು ಬರೆದರು. ಅಕ್ಕಿ ಗಿರಣಿಗಳಲ್ಲಿ ಕ್ಯಾಮೆರಾ ಕಪ್ಪು ಕಾಳನ್ನು ಗುರುತಿಸಿ ಗಾಳಿಯಿಂದ ಊದಿ ಬೇರ್ಪಡಿಸುವುದು ಈಗ ಸಾಮಾನ್ಯ. ಅಡಿಕೆಗೆ ಅಂಥ ಕಣ್ಣು ಮನೆಮನೆಗೆ ಬಂದರೆ ಬೆಳೆಗಾರ ಮಂಡಿಗೆ ಹೋಗುವ ಮೊದಲೇ ತನ್ನ ಮಾಲಿನ ದರ್ಜೆ ತಿಳಿಯಬಲ್ಲ. ಎಳಸು, ಬಲಿತದ್ದರ ವ್ಯತ್ಯಾಸವನ್ನು ಹೊರಗಿನ ಬಣ್ಣವೊಂದೇ ಹೇಳದು, ಆದ್ದರಿಂದ ಆ ದಾರಿ ಇನ್ನೂ ಉದ್ದವಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವಾಗ, ಈ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಜಾಗ ಬೇರೆ ಬೇಡ.

ದರ್ಜೆಗಳಲ್ಲಿ ಅತಿ ಹೆಚ್ಚು ದರ ಹಸಕ್ಕೆ. ಹಸ ಎಂದರೆ ಎಳಸು ಕಾಯಿಯದು. ಮೃದುವಾದ ಒಳಗನ್ನು ನಜ್ಜಾಗಿಸದೆ ಸುಲಿಯಬೇಕು, ಅಂಚು ಹೆರೆಯಬೇಕು. ಮೋಟಾರಿನ ಒತ್ತು ಅದಕ್ಕೆ ಹೆಚ್ಚಾಯಿತು. ಯಂತ್ರ ಮನೆಗೆ ಬಂದ ಮೇಲೂ ತೀರ್ಥಹಳ್ಳಿ ಕಡೆ ಹಸ ಮಾಡುವವರು ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಎಸೆದಿಲ್ಲ.

ಸುಲಿಯುತ್ತಿದ್ದ ಹೆಂಗಸರ ಮಾತು ಇಲ್ಲಿ ಬರಲೇಬೇಕು. ಡಬ್ಬದ ಲೆಕ್ಕದಲ್ಲಿ ಸಿಗುತ್ತಿದ್ದ ಸುಲಿತದ ಕೂಲಿ ಭೂಮಿಯಿಲ್ಲದ ಎಷ್ಟೋ ಮನೆಗಳಿಗೆ ವರ್ಷದ ದೊಡ್ಡ ಆದಾಯವಾಗಿತ್ತು. ಆ ಹಣ ಹೆಂಗಸಿನ ಕೈಗೇ ಬರುತ್ತಿತ್ತು. ಮಕ್ಕಳ ಫೀಸು, ಸಂಘದ ಕಂತು, ಮೂಗುಬೊಟ್ಟು, ಏನಾದರೂ ಆಗಲಿ ಅವಳದೇ ನಿರ್ಧಾರ. ಕೂತು ಕೂತು ಸೊಂಟ ಹಿಡಿಯುತ್ತಿತ್ತು, ಬೆರಳುಗಳು ಕರೆಗಟ್ಟಿ ತಿಂಗಳುಗಟ್ಟಲೆ ಕಪ್ಪಾಗಿರುತ್ತಿದ್ದವು, ಅಲಗು ತಾಗಿದ ಗಾಯಕ್ಕೆ ಲೆಕ್ಕವಿರಲಿಲ್ಲ. ಯಂತ್ರ ಆ ನೋವನ್ನೂ ತೆಗೆಯಿತು, ಆ ಹಣವನ್ನೂ ತೆಗೆಯಿತು. ಜನ ಸಿಗದೆ ಯಂತ್ರ ಬಂತು ಎನ್ನುವುದು ನಿಜ. ಯಂತ್ರ ಬಂದ ಮೇಲೆ ಕೆಲಸ ಕೇಳಿಬಂದವರಿಗೆ ಕೆಲಸ ಇಲ್ಲವಾಯಿತು ಎನ್ನುವುದೂ ಅಷ್ಟೇ ನಿಜ. ಯಂತ್ರ ಕೊಳ್ಳುವ ತೋಟದ ಮಾಲೀಕನಿಗೆ ಸಹಾಯಧನದ ಅರ್ಜಿಯ ದಾರಿಯಾದರೂ ಇದೆ. ಯಂತ್ರದಿಂದ ಸುಲಿತ ಕಳೆದುಕೊಂಡವಳ ಹೆಸರು ಯಾವ ಯೋಜನೆಯ ಕಡತದಲ್ಲೂ ಕಾಣುವುದಿಲ್ಲ. ಬಾಡಿಗೆ ಯಂತ್ರವನ್ನು ಸುಲಿಯುತ್ತಿದ್ದ ಹೆಂಗಸರ ಸ್ವಸಹಾಯ ಸಂಘಗಳೇ ಸಾಲ ಮಾಡಿ ಕೊಂಡು ನಡೆಸುವಂತಾದರೆ ಆ ದುಡ್ಡಿನ ಒಂದು ಪಾಲಾದರೂ ಹಳೆಯ ಕೈಗೇ ಮರಳುತ್ತದೆ. ಇದು ಆಗದ ಮಾತೇನಲ್ಲ. ಪಿಕಪ್ ವ್ಯಾನಿನ ಬಾಡಿಗೆ ಯಂತ್ರ ಓಡುತ್ತಿರುವುದು ಅದೇ ಲೆಕ್ಕದಲ್ಲಿ.

ಅಡಿಕೆಯನ್ನೇ ನೆಚ್ಚಿದ ಸೀಮೆಯ ಮುಂದೆ ಇನ್ನೂ ದೊಡ್ಡ ಆತಂಕಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳನ್ನು ಒಣಗಿಸುತ್ತಿದೆ. ಯಾವ ಸುಲಿಯುವ ಯಂತ್ರವೂ ಇದಕ್ಕೆ ಉತ್ತರ ಹೇಳದು.

ಯಂತ್ರದ ಬಗ್ಗೆ ಬೇರೆಯದೇ ಪ್ರಶ್ನೆ ಕೇಳಿದವರೂ ಇದೇ ನೆಲದಲ್ಲಿದ್ದಾರೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1996ರಲ್ಲಿ 'ಚರಕ' ಮಹಿಳಾ ಸಹಕಾರ ಸಂಘ ಹುಟ್ಟಿತು. ಕೈಮಗ್ಗದ ಬಟ್ಟೆ, ಸಹಜ ಬಣ್ಣ ಅದರ ಕಸುಬು. ಅದನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ 'ಯಂತ್ರಗಳನ್ನು ಕಳಚೋಣ ಬನ್ನಿ' ಎಂಬ ಪುಸ್ತಕವನ್ನೇ ಬರೆದವರು. ಕೈಯ ಕೆಲಸ ಕಿತ್ತುಕೊಂಡು ಅದರ ಜಾಗಕ್ಕೆ ಏನೂ ಕೊಡದ ಯಂತ್ರ ನಮಗೆ ಬೇಕೇ ಎನ್ನುವುದು ಅವರ ಕಡೆಯ ಪ್ರಶ್ನೆ. ಅಡಿಕೆ ಬೆಳೆಗಾರನಿಗೆ ಪ್ರತಿ ಕೊಯ್ಲಿನಲ್ಲೂ ಎದುರಾಗುವ ಅವಸರಕ್ಕೆ ಆ ಪ್ರಶ್ನೆಯಲ್ಲಿ ಉತ್ತರ ಸಿಗಲಿಕ್ಕಿಲ್ಲ. ಹಾಗೆಂದು ಆ ಪ್ರಶ್ನೆಯನ್ನು ಬದಿಗಿಟ್ಟು ಯಂತ್ರದ ವೇಗವನ್ನಷ್ಟೇ ಹೊಗಳುವುದು ಈ ಸೀಮೆಗೆ ಮಾಡುವ ಅನ್ಯಾಯ. ವಿಶೇಷವೆಂದರೆ ಎರಡೂ ದಾರಿಗಳು ಒಂದು ಕಡೆ ಸೇರುತ್ತವೆ. ಮೋಟಾರಿನಲ್ಲಿ ಸುಲಿದ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಅದೇ ಚೊಗರು ಚರಕದ ಬಣ್ಣದ ಮನೆಯಲ್ಲಿ ನೂಲಿಗೆ ಕಂದು ಬಣ್ಣ ಕಟ್ಟುತ್ತದೆ.

ಜನವರಿ ಮುಗಿಯುವಾಗ ಕೊನೆಯ ಕೊಯ್ಲು ಮನೆ ಸೇರುತ್ತದೆ. ಯಂತ್ರದ ಅಲಗು ಬಿಚ್ಚಿ ಒರೆಸಿ, ಬೇರಿಂಗಿಗೆ ಗ್ರೀಸು ತುಂಬಿ, ಮೇಲೆ ಟಾರ್ಪಾಲು ಹೊದಿಸಿ ಚಪ್ಪರದ ಮೂಲೆಗೆ ನೂಕುತ್ತಾರೆ. ಯಂತ್ರಕ್ಕೆ ಹಾಕಲಾಗದೆ ಉಳಿದ ಒಂದೆರಡು ಬುಟ್ಟಿ ಕಾಯಿ ಜಗಲಿಯಲ್ಲಿರುತ್ತದೆ. ಊಟವಾದ ಮೇಲೆ ಮನೆಯ ಅಜ್ಜಿ ಮೆಟ್ಟುಗತ್ತಿ ಎಳೆದುಕೊಂಡು ಅದರ ಮುಂದೆ ಕೂರುತ್ತಾಳೆ.